ಸುರಂಗದಲ್ಲಿ ಹೂಂಗುಟ್ಟಿದವರು

ಕತೆ ಕೇಳುವವರು ನಡುನಡುವೆ ಹೂಂಗುಟ್ಟಬೇಕು ಅನ್ನುತ್ತಾರೆ. ಇದಕ್ಕೆ ಮಾತ್ರ ಬೇಡ. ಸುಮ್ಮನೆ ಕೇಳಿ.

ಇದು ನಮ್ಮ ಹಿಂದಿನ ಬೀದಿಯ ವಿಕಾಸನಿಗೆ ಹೋದ ಫೆಬ್ರವರಿಯಲ್ಲಿ ಆದದ್ದು. ಅವತ್ತು ಆಫೀಸಿನ ಮೀಟಿಂಗು ಎಳೆದೂ ಎಳೆದೂ, ಅವನು ವಾಲ್ನಟ್ ಕ್ರೀಕ್ ಸ್ಟೇಷನ್ನಿನಲ್ಲಿ ಇಳಿದಾಗ ರಾತ್ರಿ ಹನ್ನೊಂದೂವರೆ. ಮನೆಗೆ ಇಪ್ಪತ್ತು ನಿಮಿಷದ ನಡಿಗೆ. ಊರಲ್ಲಾಗಿದ್ದರೆ ದಾರಿಯಲ್ಲಿ ಒಂದು ಆಲದ ಮರ ಇರುತ್ತಿತ್ತು. ಇಲ್ಲಿ ಅಮೆರಿಕದಲ್ಲಿ ಆಲ ಎಲ್ಲಿಂದ ತರೋಣ? ಕಾಲುವೆ ಪಕ್ಕದ ಕಾಲುದಾರಿಯಲ್ಲಿ ಒಂದು ಮುದಿ ಓಕ್ ಮರ ಇದೆ, ಅದರಲ್ಲೇ ಸುಧಾರಿಸಿಕೊಳ್ಳಿ.

ಆ ಮರ ದಾಟಿದ್ದಷ್ಟೇ... ಹಿಂದೆ ಸದ್ದು.

ಕಿರ್ರ್... ಟಕ್. ಕಿರ್ರ್... ಟಕ್.

ಹಳೇ ಸೈಕಲ್ಲಿನ ಚೈನು ಸುತ್ತು ಸುತ್ತಿಗೂ ಚೈನ್ ಕವರಿಗೆ ತಗುಲುವ ಸದ್ದು. ಅವನ ಊರು ಹಾಸನದಲ್ಲಿ ಹಾಲಿನವರ ಸೈಕಲ್ಲು ಹೀಗೇ ಮಾಡುತ್ತಿತ್ತು. ಇಲ್ಲಿಯವರು ಓಡಿಸುವ ಸೈಕಲ್ಲುಗಳಿಗೆ ಚೈನ್ ಕವರೇ ಇರುವುದಿಲ್ಲ. ವಿಕಾಸ್ ನಿಂತ. ಸದ್ದೂ ನಿಂತಿತು. ಅವನಿಗೆ ಭಯವಾಗಲಿಲ್ಲ, ಮೈಯೆಲ್ಲ ಉರಿದುಹೋಯಿತು. ‘ಇಲ್ಲಿಗೂ ಬಂತಾ ಇದು!’ ಎಂದು ಹಲ್ಲು ಕಚ್ಚಿದ. ಯಾಕೆಂದರೆ ಆ ಸದ್ದನ್ನು ಅವನು ನಾಲ್ಕು ತಿಂಗಳ ಹಿಂದೆ ಕೇಳಿದ್ದ... ಸಮುದ್ರದ ಆಚೆ, ಜಪಾನಿನಲ್ಲಿ.

ಆ ಜಪಾನ್ ಪ್ರವಾಸದ ಮೂಲ ಅವನ ಹೆಂಡತಿ ನಿರುಪಮಾಳ ಸಿಟ್ಟು. ಮೈಸೂರಿನಲ್ಲಿ ಅವಳ ಅಪ್ಪ ಆಸ್ಪತ್ರೆ ಸೇರಿದಾಗ ಗುರುವಾರದ ಫ್ಲೈಟಿನಲ್ಲಿ ಸೀಟಿತ್ತು. ನಮ್ಮ ವಿಕಾಸ್ ಲೆಕ್ಕಾಚಾರದ ಮನುಷ್ಯ. “ಗುರುವಾರದ್ದಕ್ಕೆ ಹನ್ನೊಂದು ಗಂಟೆ ಲೇಓವರು, ನಡುವೆ ಕಾಯ್ತಾ ಕೂರಬೇಕು, ಶನಿವಾರ ಸಲೀಸಾಗಿ ಹೋಗಬಹುದು” ಎಂದು ಶನಿವಾರದ ಟಿಕೆಟು ಮಾಡಿದ. ಅಪ್ಪ ಭಾನುವಾರ, ಅವಳಿನ್ನೂ ದಾರಿಯಲ್ಲಿರುವಾಗಲೇ, ಹೋಗಿಬಿಟ್ಟರು. ನಿರುಪಮಾ ಒಂದು ಮಾತೂ ಆಡಲಿಲ್ಲ. ಇವನೂ ಆಡಲಿಲ್ಲ. ಎರಡು ವರ್ಷ ಒಂದೇ ಮನೆಯಲ್ಲಿ ಆ ಶನಿವಾರವನ್ನು ಸುತ್ತಿಕೊಂಡೇ ಓಡಾಡಿದರು. ಕೊನೆಗೆ ಅವಳು ಕೊಲ್ಲಿಯ ಆಚೆ ರೆಡ್‌ವುಡ್ ಸಿಟಿಯಲ್ಲಿ, ತನ್ನ ಆಫೀಸಿನ ಹತ್ತಿರ, ಅಪಾರ್ಟ್‌ಮೆಂಟು ನೋಡಿದಳು. ಡ್ರೈವ್ ಮಾಡಿ ಸಾಕಾಗಿದೆ ಎಂದಳು. ಡ್ರೈವಿನ ಮಾತಲ್ಲ ಅದು ಅಂತ ಇಬ್ಬರಿಗೂ ಗೊತ್ತಿತ್ತು.

ಆಗ ವಿಕಾಸನಿಗೆ ಹೊಳೆದದ್ದು ಜಪಾನಿನ ಸಾಡೋ ದ್ವೀಪ. ಕಡಲಂಚಿನ ರಸ್ತೆಯಲ್ಲಿ ಸೈಕಲ್ಲಿನ ಮೇಲೆ ಒಂದು ಸುತ್ತು, ಐದು ದಿನ, ರಾತ್ರಿ ಟೆಂಟು. ಕಾಲೇಜಿನ ದಿನಗಳಲ್ಲಿ ಅವಳಿಗೆ ಸೈಕಲ್ಲೆಂದರೆ ಪ್ರಾಣ. ಅಲ್ಲಾದರೂ ಬಾಯಿಬಿಟ್ಟು ಹೇಳಿಬಿಡಬೇಕು, ಅವಳನ್ನು ಉಳಿಸಿಕೊಳ್ಳಬೇಕು... ಅಷ್ಟೇ ಅವನ ಆಸೆ. ಲಿವರ್‌ಮೋರ್ ದೇವಸ್ಥಾನದಲ್ಲಿ ಎರಡು ಸೈಕಲ್ಲಿಗೂ ಪೂಜೆ ಮಾಡಿಸಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಬಿಚ್ಚಿ ಡಬ್ಬಕ್ಕೆ ತುಂಬಿಕೊಂಡು ಹೊರಟರು.

ಹೋಗಿ ಇಳಿದ ಗಳಿಗೆಯಿಂದ ಎಲ್ಲ ಎಡವಟ್ಟು. ಎದುರುಗಾಳಿ. ಒಲೆಗೆ ಕೂರದ ಗ್ಯಾಸ್ ಡಬ್ಬಿ. ಪುಳಿಯೋಗರೆ ಗೊಜ್ಜು ಇದೆ, ಅನ್ನ ಬೇಯಿಸಲು ಬೆಂಕಿಯಿಲ್ಲ. ಮೂರನೇ ದಿನ ಸಂಜೆ ಕ್ಯಾಂಪಿನ ಜಾಗಕ್ಕೆ ಹೋದರೆ ಹಗ್ಗ ಕಟ್ಟಿ ಬೋರ್ಡು ಹಾಕಿದ್ದಾರೆ: ಸೀಸನ್ನು ಮುಗಿದಿದೆ.

“ನಿಮ್ಮ ಎಕ್ಸೆಲ್ ಶೀಟಿನಲ್ಲಿ ಇದು ಇರ್ಲಿಲ್ವಾ?” ಎಂದಳು ನಿರುಪಮಾ.

“ಈಗ ಅದನ್ನ ಎತ್ತಬೇಡ. ಟನಲ್ ಆಚೆ ಇನ್ನೊಂದು ಜಾಗ ಇದೆ, ಬಾ.”

“ನೀವು ಹೋಗ್ತಿರಿ. ಯಾವಾಗ್ಲೂ ಮುಂದೇನೇ ತಾನೆ ಹೋಗೋದು. ಬರ್ತೀನಿ.”

ಅವನು ರೇಗಿಕೊಂಡು ಪೆಡಲು ತುಳಿದ. ಹಳ್ಳಿಯ ಲೌಡ್‌ಸ್ಪೀಕರಿನಲ್ಲಿ ದಿನಾ ಸಂಜೆ ಹಾಕುವ ಐದು ಗಂಟೆಯ ಸಂಗೀತ ಕೇಳಿಸಿತು, ಗಾಳಿಗೆ ಅರ್ಧಕ್ಕೇ ಹರಿದುಹೋಯಿತು. ಸುರಂಗದ ಬಾಯಲ್ಲಿ ಒಂದು ಪುಟ್ಟ ಕಲ್ಲಿನ ವಿಗ್ರಹ, ಕೊರಳಿಗೆ ಮಾಸಿದ ಕೆಂಪು ಬಟ್ಟೆ. ಅದನ್ನು ದಾಟಿ ಒಳಗೆ ಹೋದ.

ಒಳಗೆ ಗಾಳಿಯಿಲ್ಲ. ಕಿತ್ತಳೆ ಬಣ್ಣದ ಮಂಕು ದೀಪ. ಎಲ್ಲೋ ನೀರು ತೊಟ್ಟಿಕ್ಕುವುದು... ಟೊಪ್... ಟೊಪ್. ಕಾಲು ಭಾಗ ಹೋಗಿರಬೇಕು, ಹಿಂದೆ ಸದ್ದು ಕೇಳಿಸಿತು.

ಕಿರ್ರ್... ಟಕ್.

“ಬಂದ್ಯಾ?” ಎಂದ, ಮೆಲ್ಲಗೆ.

“ಹೂಂ.”

ಇಲ್ಲಿ ಒಂದು ವಿಷಯ ಹೇಳಬೇಕು. ವಿಕಾಸನ ಮನೆಯಲ್ಲಿ ಗಂಡ ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ರೂಢಿಯೇ ಇಲ್ಲ. ಅವನ ತಾತ ತಮ್ಮ ಹೆಂಡತಿ ತಾಯಮ್ಮನನ್ನು ಜೀವಮಾನವಿಡೀ ‘ಲೇ ಇವಳೇ’ ಎಂದೇ ಕರೆದರು. ಇವನು ಅಮೆರಿಕಕ್ಕೆ ಬಂದು ಇಪ್ಪತ್ತು ವರ್ಷವಾದರೂ ಅದೇ ಚಾಳಿ. ಮದುವೆಯಾಗಿ ಹದಿನೇಳು ವರ್ಷದಲ್ಲಿ ‘ನಿರುಪಮಾ’ ಎಂದು ಅವಳ ಎದುರಿಗೆ ಒಂದು ದಿನವೂ ಅಂದವನಲ್ಲ. ‘ಬಾರೇ’, ‘ಕೇಳಿಸ್ತಾ’, ‘ನೋಡಿಲ್ಲಿ’... ಅಷ್ಟೇ.

ಸುರಂಗದಲ್ಲಿ ತಿರುಗಿ ನೋಡಿದರೆ ಸೈಕಲ್ಲು ಗೋಡೆಗೆ ಬಡಿಯುತ್ತದೆ. ಮುಖ ಕಾಣದೆ ಇದ್ದದ್ದೇ ಅವನಿಗೆ ಒಳ್ಳೆಯದಾಯಿತು. ಎರಡು ವರ್ಷ ಒಳಗೇ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ಕೇಳಿಸ್ತಾ? ಶನಿವಾರದ ಟಿಕೆಟು ಮಾಡಿದ್ದು ನಂದೇ ತಪ್ಪು.”

“ಹೂಂ.”

“ನಿಮ್ಮಪ್ಪನ ಮುಖ ನೋಡೋಕಾಗದೆ ಇದ್ದಿದ್ದು ನನ್ನಿಂದ. ಬಿಟ್ಟು ಹೋಗಬೇಡ. ನಿನ್ನ ಬಿಟ್ರೆ ನಂಗೆ ಯಾರೂ ಇಲ್ಲ.”

“ಹೂಂ.”

“ಮನೆಗೆ ಹೋಗೋಣ ಬಾರೇ. ನನ್ನ ಜೊತೇಲೇ ಇರು.”

ಈ ಸಲ ಉತ್ತರ ತಡವಾಯಿತು... ಆಮೇಲೆ, ತೀರಾ ಹತ್ತಿರದಿಂದ, ಹೆಗಲ ಪಕ್ಕದಿಂದಲೇ ಅನ್ನುವ ಹಾಗೆ, “ಹೂಂ.”

ಅವನು ಅಳುತ್ತಲೇ ಹೊರಗೆ ಬಂದ. ಸೈಕಲ್ಲು ನಿಲ್ಲಿಸಿ ತಿರುಗಿದ. ಸುರಂಗ ಖಾಲಿ. ಆ ತುದಿಯವರೆಗೂ ಬರೀ ದೀಪ.

ಜೇಬಿನಲ್ಲಿ ಫೋನು ಝುಂಯ್ ಅಂತು. ನಿರುಪಮಾಳ ಮೆಸೇಜು: ‘ಟೈರ್ ಪಂಕ್ಚರ್. ಟನಲ್ ಈಚೆಗೇ ಕೂತಿದ್ದೀನಿ. ಎಷ್ಟು ಕೂಗಿದೆ, ಕೇಳಿಸ್ಲಿಲ್ವಾ?’

ತಳ್ಳಿಕೊಂಡು ವಾಪಸ್ಸು ಹೋದ. ಆ ಕಲ್ಲಿನ ವಿಗ್ರಹದ ಪಕ್ಕ, ಮಡಿಲಲ್ಲಿ ಟ್ಯೂಬು ಇಟ್ಟುಕೊಂಡು, ಚಳಿಗೆ ನಡುಗುತ್ತಾ ಕೂತಿದ್ದಳು.

“ಒಂದೇ ಒಂದ್ಸಲ ತಿರುಗಿ ನೋಡಿದ್ರೆ ಸಾಕಿತ್ತು ರೀ.”

ಅವನು ಬಗ್ಗಿ ಅವಳ ಮಡಿಲಿನ ಟ್ಯೂಬು ಎತ್ತಿಕೊಂಡ. ಅಷ್ಟೂ ಮಾತನ್ನು ಸುರಂಗದಲ್ಲೇ ಖರ್ಚು ಮಾಡಿ ಬಂದಿದ್ದ. ಅದನ್ನು ಯಾರು ಕೇಳಿಸಿಕೊಂಡರು ಎಂಬ ಹೆದರಿಕೆಗಿಂತ, ಅವಳಿಗೆ ಸೇರಬೇಕಾದದ್ದು ಇನ್ಯಾರಿಗೋ ಸೇರಿತಲ್ಲ ಎಂಬ ಹೊಟ್ಟೆಯುರಿಯೇ ಅವನಿಗೆ ಹೆಚ್ಚಾಗಿತ್ತು. ಪಂಕ್ಚರ್ ಹಾಕಿ, ಇಬ್ಬರೂ ಸೈಕಲ್ಲು ತಳ್ಳುತ್ತಾ ಸುರಂಗ ದಾಟುವಾಗ ನಿರುಪಮಾ ಪಿಸುಗುಟ್ಟಿದಳು.

“ರೀ... ಹಿಂದೆ ಯಾರೋ ಬರ್ತಿದ್ದಾರಲ್ವಾ?”

“ಇಲ್ಲ.”

ಅದೊಂದು ಸುಳ್ಳು ಹೇಳಿದ. ಉಳಿದ ಎರಡು ದಿನ ಇಬ್ಬರೂ ಮುಖ ಗಂಟಿಕ್ಕಿಕೊಂಡೇ ಸುತ್ತು ಮುಗಿಸಿದರು. ಹೊಸ ವರ್ಷದ ವಾರ ಅವಳು ರೆಡ್‌ವುಡ್ ಸಿಟಿಗೆ ಹೋದಳು. ಸೈಕಲ್ಲು ಒಯ್ಯಲಿಲ್ಲ.

ಈಗ ಬನ್ನಿ ಆ ಓಕ್ ಮರದ ಹತ್ತಿರ. ಮಧ್ಯರಾತ್ರಿಗೆ ಇನ್ನು ಹತ್ತು ನಿಮಿಷ. ಬೆನ್ನ ಹಿಂದೆ ಅದು ನಿಂತಿದೆ, ಇವನೂ ನಿಂತಿದ್ದಾನೆ. ತಾನು ಯಾರ ಹೆಸರನ್ನೂ ಹಿಡಿಯದೆ ‘ಮನೆಗೆ ಬಾ’ ಅಂದದ್ದು ವಿಕಾಸನಿಗೆ ಆಗ ನೆನಪಾಯಿತು. ಕರೆದ ಮೇಲೆ ಬಂದಿದೆ. ತಪ್ಪು ಯಾರದು? ಫೋನು ತೆಗೆದ.

“ಏನ್ರೀ, ಇಷ್ಟು ಹೊತ್ನಲ್ಲಿ?”

“ನಿರುಪಮಾ.”

“ಏನಾಯ್ತು ನಿಮಗೆ? ಹೆಸರು ಹಿಡಿದು ಕರೀತಿದ್ದೀರಾ?”

“ನಿರುಪಮಾ, ಶನಿವಾರದ ಟಿಕೆಟು ಮಾಡಿದ್ದು ನಂದೇ ತಪ್ಪು. ನಿಮ್ಮಪ್ಪನ ಹತ್ರ ನಿನ್ನ ಕಳಿಸಬೇಕಿತ್ತು. ಆವತ್ತೇ ಹೇಳಬೇಕಿತ್ತು. ನಂಗೆ ಬಾಯೇ ಬರ್ಲಿಲ್ಲ, ನಿರುಪಮಾ.”

ಕಾದ. ಎಲೆ ಅಲುಗುವ ಸದ್ದೂ ಇಲ್ಲ.

“ಹೂಂ.”

ಅಬ್ಬಾ ಎನ್ನಿಸಿತು ಅವನಿಗೆ. ಎರಡು ವರ್ಷದ ಭಾರ ಇಳಿಯಿತು ಎಂದುಕೊಂಡು ಅಲ್ಲೇ ಮರದ ಬುಡದಲ್ಲಿ ಕೂತುಬಿಟ್ಟ. ಆಗ ಫೋನಿನಲ್ಲಿ ನಿರುಪಮಾ, ತೀರಾ ಸಣ್ಣ ದನಿಯಲ್ಲಿ...

“ರೀ... ನಿಮ್ಮ ಪಕ್ಕದಲ್ಲಿ ಯಾರಿದ್ದಾರೆ?”

“ಯಾರೂ ಇಲ್ಲ. ಯಾಕೆ?”

“ನಾನಿನ್ನೂ ಏನೂ ಹೇಳೇ ಇಲ್ಲ. ಹೂಂ ಅಂದಿದ್ದು ಯಾರು?”

ಅವಳು ರಾತ್ರಿ ಉಟ್ಟ ಬಟ್ಟೆಯಲ್ಲೇ ಸೇತುವೆ ದಾಟಿ, ಒಂದು ಗಂಟೆಯೊಳಗೆ ಕಾರು ತಂದು ನಿಲ್ಲಿಸಿದಳು. ಇವನು ಮನೆ ಮುಂದೆ ಬೀದಿ ದೀಪದ ಕೆಳಗೆ ನಿಂತಿದ್ದ, ಒಳಗೆ ಹೋಗುವ ಧೈರ್ಯವಿಲ್ಲದೆ. ನಿರುಪಮಾ ಕಾರಿನಿಂದ ಇಳಿದವಳೇ ಅವನ ಎರಡೂ ತೋಳು ಹಿಡಿದುಕೊಂಡಳು.

“ಇನ್ನೊಂದ್ಸಲ ಹೇಳಿ. ನನ್ನ ಮುಖ ನೋಡ್ಕೊಂಡು.”

ಹೇಳಿದ. ಹೆಸರು ಹಿಡಿದು, ಮೊದಲಿಂದ ಕೊನೆಯವರೆಗೆ. ಅವಳು ಕ್ಷಮಿಸಿದಳೋ ಇಲ್ಲವೋ ಅವಳನ್ನೇ ಕೇಳಬೇಕು. ಆದರೆ ರೆಡ್‌ವುಡ್ ಸಿಟಿಗೆ ವಾಪಸ್ಸು ಹೋದದ್ದು ಸಾಮಾನು ತರುವುದಕ್ಕೆ ಮಾತ್ರ.

ಅಂಗಡಿಯಲ್ಲಿ, ದೇವಸ್ಥಾನದಲ್ಲಿ ವಿಕಾಸ್ ‘ನಿರುಪಮಾ, ನಿರುಪಮಾ’ ಎಂದು ಪೂರ್ತಿ ಹೆಸರು ಕೂಗುವುದನ್ನು ನೀವೇ ಕೇಳಿದ್ದೀರಿ. ಹೆಂಡತಿಯ ಮೇಲೆ ಈಗ ಪ್ರೀತಿ ಉಕ್ಕಿದೆ ಅಂತ ನಗಾಡಿದ್ದೀರಿ. ಅವಳು ಇವನ ಕಡೆ ತಿರುಗುವವರೆಗೂ ಅವನು ಮುಂದಿನ ಮಾತು ಆಡುವುದಿಲ್ಲ, ಗಮನಿಸಿ.

ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ನಂಬದಿದ್ದರೆ ಅವರ ಗರಾಜಿಗೆ ಹೋಗಿ ನೋಡಿ. ಅಕ್ಕಿ ಚೀಲ, ಸೂಟ್‌ಕೇಸು, ಹಳೇ ಮಂಚ, ಕಾಲಿಡಲು ಜಾಗವಿಲ್ಲ. ಗೋಡೆಗೆ ಇಬ್ಬರ ಸೈಕಲ್ಲೂ ಒರಗಿವೆ. ನಡುವೆ ಇನ್ನೊಂದು ಸೈಕಲ್ಲಿಗಾಗುವಷ್ಟು ಜಾಗ ಖಾಲಿ ಬಿಟ್ಟಿದ್ದಾರೆ. ಮೂರು ತಿಂಗಳಿಂದ ಈ ಕಡೆ ಮಳೆಯಿಲ್ಲ. ಅಲ್ಲಿ ಮಾತ್ರ ನೆಲದ ಮೇಲೆ ಒಂದು ಟೈರಿನಗಲ, ಉದ್ದಕ್ಕೆ, ಒದ್ದೆ ಇದೆ.