ಗಡಿಯಾರದ ಬೀದಿಯ ರಾಟೆ ಸದ್ದು

ದೀಪ ಸ್ವಲ್ಪ ಸಣ್ಣ ಮಾಡಿ... ಮಕ್ಕಳು ಮಲಗಿದ್ರಾ? ಸರಿ. ಇದು ನಮ್ಮ ಸೋದರತ್ತೆ ಮಗ ಹಿಲ್ಮಿಗೆ ಆದದ್ದು. ಇಲ್ಲೇ ಅಲೆಕ್ಸಾಂಡ್ರಿಯಾದಲ್ಲಿ, ಟ್ರಾಮ್ ಹಳಿ ಆಚೆಗಿನ ಗಡಿಯಾರದ ಬೀದೀಲಿ.

ಹಿಲ್ಮಿ ಹಳೇ ಕಟ್ಟಡ ಕೆಡವೋ ಮೇಸ್ತ್ರಿ. ಅಮೃತಶಿಲೆ ಮೆಟ್ಟಿಲಿನ ನಾಟಕಶಾಲೆ, ಬಣ್ಣದ ಗಾಜಿನ ಗ್ರೀಕರ ಮಿಠಾಯಿ ಅಂಗಡಿ, ಕಂಬಕ್ಕೊಂದು ಸಿಂಹದ ತಲೆ ಇದ್ದ ಹತ್ತಿ ವ್ಯಾಪಾರಿ ಮನೆ... ಎಲ್ಲಾ ಅವನ ಸುತ್ತಿಗೆಗೇ ಬಿದ್ದದ್ದು. ಕೊನೆಗೆ ಇದೇ ಬೀದೀಲಿ, ಮೇಲಂತಸ್ತಿನಲ್ಲಿದ್ದ ಮುದುಕಿ ನಜೀರಾ ಅಮ್ಮನ ಮನೆ. "ನಾನು ಸತ್ತ ಮೇಲೆ ಕೆಡವೋ" ಅಂತ ಮುದುಕಿ ಗೋಗರೆದಳು. ಮಾಲೀಕನ ಹುಕುಂ, ಅವನ ಕೈಲೇನಿತ್ತು? ಕೆಡವಿದ. ಮಗಳ ಮನೆಗೆ ಹೋದ ಹನ್ನೊಂದನೇ ದಿನ ಅವಳು ತೀರಿಕೊಂಡಳು.

ಆಮೇಲೊಂದು ರಾತ್ರಿ ಹಿಲ್ಮಿ ರೊಟ್ಟಿ ಕಟ್ಟಿಸ್ಕೊಂಡು ಬರ್ತಿದ್ದ. ಆಲದ ಮರ ದಾಟಿದ. ಕರೆಂಟಿಲ್ಲ. ಎಲೆ ಅಲ್ಲಾಡಲ್ಲ. ನಜೀರಾ ಅಮ್ಮನ ಖಾಲಿ ಜಾಗದ ಹತ್ತಿರ...

ಕಿರ್ರ್... ಕಿರ್ರ್...

ಎಣ್ಣೆ ಕಾಣದ ರಾಟೆ ಸದ್ದು. ತಲೆ ಎತ್ತಿದ. ಬರೀ ನಕ್ಷತ್ರ. ಅಲ್ಲಿಂದ ಒಂದು ಹಗ್ಗ ಇಳೀತಿತ್ತು. ತುದೀಲಿ ಬುಟ್ಟಿ. ನಮ್ಮ ಹೆಂಗಸರು ಸೊಪ್ಪು, ರೊಟ್ಟಿಗೆ ಬಾಲ್ಕನಿಯಿಂದ ಇಳಿಸ್ತಾರಲ್ಲ, ಅಂಥದ್ದೇ. ಅವನ ಎದೆಮಟ್ಟಕ್ಕೆ ಬಂದು ನಿಂತಿತು.

"ಯಾರದು... ಹಿಲ್ಮಿನಾ?" ಮೇಲಿಂದ ಪಿಸುದನಿ.

"ಹೂಂ... ಅಮ್ಮ."

"ಎರಡು ರೊಟ್ಟಿ ಹಾಕಪ್ಪ. ಹಸಿವು."

ಹಾಕಿದ. ಬುಟ್ಟಿ ಮೇಲೆ ಹೋಯ್ತು.

"ತಣ್ಣಗಾಗಿದೆಯಲ್ಲೋ, ಜಿಪುಣ!"

"ಅಮ್ಮ... ಕೆಳಗೆ ಬನ್ನಿ. ಮಗಳ ಹತ್ತಿರ ನಾನು ಬಿಡ್ತೀನಿ."

ಮೇಲೆ ರಾಟೆ ಒಂದು ಸಲ ಕಿರ್ರ್ ಅಂತು. ಆಮೇಲೆ...

"ಹೇಗೋ ಇಳೀಲಿ? ಮೆಟ್ಟಿಲು ನೀನೇ ಕಿತ್ತೆಯಲ್ಲೋ..."



ಬೆಳಗಾಗೋ ಮುಂಚೆ ಹಿಲ್ಮಿ ಬಂದು ನನ್ನ ಬಾಗಿಲು ಬಡಿದ. ಇಬ್ಬರೂ ಉದ್ದದ ಏಣಿ ಹೊತ್ಕೊಂಡು ಹೋದ್ವಿ. ಒರಗಿಸೋಕೆ ಗೋಡೆ ಎಲ್ಲಿ? ಅವನು ಏಣಿ ಎತ್ತಿ ಹಿಡಿದು ಜಾಗದ ನಡುವೆ ನಿಂತೇ ಇದ್ದ. ಬೆಳಕು ಹರಿದ್ರೂ ಬಿಡಲಿಲ್ಲ. ಹಾಲಿನವನು ನಕ್ಕ: "ಏನ್ ಮೇಸ್ತ್ರಿ, ಚಂದ್ರನಿಗೆ ಸುಣ್ಣ ಬಳೀತೀಯಾ?" ಹಿಲ್ಮಿ ಮಕ್ಕಳ ಥರ ಅತ್ತ.

ಸುತ್ತಿಗೆ ಮತ್ತೆ ಮುಟ್ಟಲಿಲ್ಲ. ದಿನಾ ರಾತ್ರಿ ಬಿಸಿ ರೊಟ್ಟಿ ಹಿಡಿದು ಅಲ್ಲಿ ನಿಲ್ತಾನೆ. ಬುಟ್ಟಿ ಮಾತ್ರ ಆಮೇಲೆ ಇಳೀಲೇ ಇಲ್ಲ.

ತಲೆ ಕೆಟ್ಟಿತ್ತು ಅಂತೀರಾ? ಅನ್ನಿ. ಆದ್ರೆ ಏಣಿ ಹೊತ್ತೋನು ನಾನು. ನನ್ನ ಕಣ್ಣಾರೆ ನೋಡಿದೀನಿ... ಅವತ್ತು ಆ ಜಾಗದಲ್ಲಿ ಏಳು ಬೆಕ್ಕು ಸಾಲಾಗಿ ಕೂತಿದ್ವು. ನಾವು ಬಂದ್ರೂ ಕದಲಲಿಲ್ಲ. ಏಳರ ಕತ್ತೂ ಮೇಲಕ್ಕೇ, ಬಾಲ್ಕನಿ ಇದ್ದ ಕಡೆಗೇ ಇತ್ತು.