ಪಾಪ, ಒಂದೇ ಒಂದು ಬೀಡಿ

ಒಂದೂರಲ್ಲಿ ಒಬ್ಬ ಸಾಹುಕಾರ ಇದ್ದ. ಯಾವ ಊರು ಎಂದು ಕೇಳಬೇಡಿ. ಹೇಳಿದರೆ ಮುಂದಿನ ಸಾಲಿನಲ್ಲಿ ಕೂತವರು ನನ್ನ ಪ್ರವಚನ ಬಿಟ್ಟು ಎದ್ದು ಹೋಗುತ್ತಾರೆ. ಸಾಹುಕಾರನ ಹೆಸರೂ ಬೇಡ. ಅವನ ಹೆಂಡತಿಯ ಹೆಸರು ಮಾತ್ರ ಹೇಳುತ್ತೇನೆ, ನೀಲಗಂಗವ್ವ. ಹೇಳಲು ಆಕೆಯೇ ಒಪ್ಪಿಗೆ ಕೊಟ್ಟಿದ್ದಾಳೆ. ಅಲ್ಲದೆ ನಮ್ಮ ಸೀಮೆಯಲ್ಲಿ ಓಣಿಗೊಬ್ಬ ನೀಲಗಂಗವ್ವ ಇರುವುದರಿಂದ ಯಾರ ಮಾನವೂ ಹೋಗುವುದಿಲ್ಲ.

ಸಾಹುಕಾರನದು ಬೆಲ್ಲದ ವ್ಯಾಪಾರ. ಬೆಲ್ಲದ ಪೆಂಟಿಯನ್ನು ಮೂಸಿ ನೋಡಿ ಅದು ಯಾವ ಗಾಣದ್ದು ಎಂದು ಹೇಳುವಂಥ ತಲೆ. ಎಪ್ಪತ್ತೈದು ದಾಟಿದ ಮೇಲೆ ಆ ತಲೆಗೆ ಮರೆವು ಹೊಕ್ಕಿತು. ಮೊದಲು ಕನ್ನಡಕ ಮರೆತ. ಆಮೇಲೆ ಉಂಡದ್ದು ಮರೆತ, ಉಂಡು ಕೈ ತೊಳೆದು ಬಂದವನೇ "ಇನ್ನೂ ತಾಟು ಹಾಕಿಲ್ಲೇನು?" ಎಂದು ಸೊಸೆಯ ಮೇಲೆ ರೇಗುತ್ತಿದ್ದ. ಆಮೇಲೆ ಬೀಗರನ್ನೇ ಮರೆತುಬಿಟ್ಟ. ಅದಕ್ಕೆ ಅಯ್ಯೋ ಪಾಪ ಎನ್ನಬೇಡಿ, ಬೀಗರನ್ನು ಮರೆಯುವ ಭಾಗ್ಯಕ್ಕೆ ನಿಮ್ಮಲ್ಲಿ ಎಷ್ಟು ಜನ ಕಾಯುತ್ತಿದ್ದೀರಿ ಎಂದು ನನಗೆ ಗೊತ್ತಿದೆ.

ಎಲ್ಲ ಮರೆತ ಸಾಹುಕಾರ ಎರಡನ್ನು ಮರೆಯಲಿಲ್ಲ. ಒಂದು ಬೀಡಿ, ಇನ್ನೊಂದು ಬಸವಣ್ಣನ ಗುಡಿ.

ಬೆಳಿಗ್ಗೆ ಗುಡಿಯ ಗಂಟೆ ಕಿವಿಗೆ ಬಿದ್ದರೆ ಸಾಕು, ಧೋತರ ಎತ್ತಿ ಕಟ್ಟಿ ಹೊರಟೇಬಿಡುತ್ತಿದ್ದ. ಎರಡು ಓಣಿ ದಾಟಿ, ಕಲ್ಲಿನ ಬಸವಣ್ಣನ ಬೆನ್ನನ್ನು ದನದ ಸಂತೆಯಲ್ಲಿ ಎತ್ತು ಕೊಳ್ಳುವವನ ಹಾಗೆ ಸವರಿ, ತಿರುಗಿ ನೆಟ್ಟಗೆ ಮನೆಗೆ ಬರುತ್ತಿದ್ದ. ಎಲ್ಲಿ ದಾರಿ ತಪ್ಪುತ್ತಾನೋ ಎಂದು ನೀಲಗಂಗವ್ವ ನಾಲ್ಕು ದಿನ ಸೆರಗು ಮುಖಕ್ಕೆ ಎಳೆದುಕೊಂಡು ಕಳ್ಳಿಯ ಹಾಗೆ ಹಿಂದೆ ಹೋಗಿ ನೋಡಿದಳು. ತಪ್ಪಲಿಲ್ಲ. ಆಮೇಲೆ ಆಕೆಗೆ ಎಲ್ಲಿಲ್ಲದ ಹೆಮ್ಮೆ.

"ತಲಿ ಮರತ್ರ ಮರೀಲಿ ಬಿಡವ್ವ," ಎನ್ನುತ್ತಿದ್ದಳು ನೆರೆಯವಳೆದುರು. "ಕಾಲು ನಮ್ಮ ಮನಿ ಮರತಿಲ್ಲ."

ನೋಡಿ, ಆಕೆಗೆ ಉಳಿದಿದ್ದ ಗಂಡ ಅಂದರೆ ಆ ನಡಿಗೆ. ಅದೊಂದು ನಡೆಯುತ್ತಿರುವ ತನಕ ಗಂಡ ತನ್ನವನು ಎಂದು ಆಕೆ ನಂಬಿದ್ದಳು. ಅದಕ್ಕೇ ದಿನವೂ ಮಜ್ಜಿಗೆಯ ತಂಬಿಗೆ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅವನು ಮಜ್ಜಿಗೆ ಕುಡಿದ ಮೇಲೆ ತಿರುಗಿ ಬಂದದ್ದಕ್ಕೆ ಬಹುಮಾನ ಎಂದು ಸಾಸಿವೆ ಡಬ್ಬಿಯಲ್ಲಿ ಬಚ್ಚಿಟ್ಟ ಕಟ್ಟಿನಿಂದ ಒಂದು ಬೀಡಿ ತೆಗೆದುಕೊಡುತ್ತಿದ್ದಳು. ದಿನಕ್ಕೆ ಒಂದೇ. ಭಾರೀ ಶಿಸ್ತಿನ ಹೆಣ್ಣುಮಗಳು!

ಇನ್ನು ಊರವರ ಕತೆ ಕೇಳಿ. ಮರೆವಿನ ಹಿರಿಯರನ್ನು ಮಾತನಾಡಿಸಲು ಹೋದಾಗ ನಾವು ಮೊದಲು ಏನು ಕೇಳುತ್ತೇವೆ? ಊಟ ಆಯಿತೇ ಎನ್ನುತ್ತೇವೆಯೇ? ಇಲ್ಲ. ಶಾಲೆಯ ಮಾಸ್ತರರ ಹಾಗೆ ಎದುರು ನಿಂತು ಪರೀಕ್ಷೆ ಮಾಡುತ್ತೇವೆ.

"ಸಾವ್ಕಾರ್ರ, ನನ್ನ ಗುರ್ತ ಹತ್ತಿತೇನ್ರಿ?"

ಸಾಹುಕಾರ ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. "ಗುರ್ತ ಹತ್ತವಲ್ದಲ್ಲೋ ತಮ್ಮಾ. ಯಾರ ಪೈಕಿ?"

ಕೇಳಿದವನಿಗೆ ಮುಜುಗರ. ಆ ಮುಜುಗರ ಮುಚ್ಚಲು ಕೈ ಜೇಬಿಗೆ ಹೋಗುತ್ತಿತ್ತು. "ಪಾಪ, ಇರ್ಲಿ ತಗೋರಿ, ಒಂದು ಬೀಡಿ ಸೇದ್ರಿ." ಗುರುತು ಹಿಡಿದರೆ ಬರೀ ನಮಸ್ಕಾರ, ಹಿಡಿಯದಿದ್ದರೆ ಬೀಡಿ! ಪರೀಕ್ಷೆಯಲ್ಲಿ ನಪಾಸಾದವನಿಗೆ ಬಹುಮಾನ ಕೊಡುವ ಊರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಸಾಹುಕಾರ ಎಷ್ಟಾದರೂ ವ್ಯಾಪಾರಸ್ಥ. ತಲೆಯಲ್ಲಿ ಇನ್ನೂ ಒಂದು ಮೂಲೆ ಎಚ್ಚರವಿತ್ತೋ ಏನೋ, ಪಕ್ಕದ ಮನೆಯವನಿಗೂ "ಗುರ್ತ ಹತ್ತವಲ್ದು" ಎಂದು ಹೇಳಿ ಕೈ ಚಾಚತೊಡಗಿದ. ಒಂದು ದಿನ ನೀಲಗಂಗವ್ವನನ್ನೇ ಮೇಲಿಂದ ಕೆಳಗೆ ನೋಡಿ, "ಯಾರವ್ವಾ ನೀ?" ಎಂದು ಕೈ ಚಾಚಿದ.

"ನಿಮ್ಮ ಬಾಯಾಗ ಮಣ್ಣ ಬೀಳ್ಲಿ! ಐವತ್ತು ವರ್ಷ ರೊಟ್ಟಿ ಬಡದು ಹಾಕೇನಿ," ಎಂದು ಆಕೆ ಬೈದಳು. ಬೈದ ಮೇಲೆ ಜೀವ ಚುರ್ ಎಂದಿತು. ಸಾಸಿವೆ ಡಬ್ಬಿ ತೆರೆದು ಅವತ್ತು ಎರಡನೆಯದು ಕೊಟ್ಟಳು. ಶಿಸ್ತಿನ ಹೆಣ್ಣುಮಗಳು ಎಂದೆನಲ್ಲ, ಆ ಮಾತು ವಾಪಸ್ಸು.

ಒಂದು ಮಧ್ಯಾಹ್ನ ಸಾಹುಕಾರ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿದ್ದ. ಓಣಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು, "ಸಾವ್ಕಾರ್ರ, ಗುರ್ತ ಹತ್ತಿತೇನ್ರಿ?" ಎಂದ. ಸಾಹುಕಾರ ಕೈ ಚಾಚಿ ಲಗುಬಗೆಯಿಂದ ಎದ್ದ. ಧೋತರ ಕಾಲಿಗೆ ತೊಡಕಿತು. ಒಂದೇ ಮೆಟ್ಟಿಲು, ಕೂಸು ಸಹ ಜಿಗಿಯುವ ಮೆಟ್ಟಿಲು. ಅಲ್ಲಿಂದ ಬಿದ್ದವನು ಏಳಲೇ ಇಲ್ಲ. ಸೊಂಟದ ಕೀಲಿನ ಹತ್ತಿರ ತೊಡೆಯ ಎಲುಬು ಮುರಿದಿತ್ತು.

ಎಲುಬಿನ ಡಾಕ್ಟರು ನೀಲಗಂಗವ್ವನ ಮೊಮ್ಮಗಳ ವಯಸ್ಸಿನ ಹೆಣ್ಣುಮಗಳು. ಎಕ್ಸ್‌ರೇ ಫೋಟೋ ಬೆಳಕಿಗೆ ಹಿಡಿದು, "ಅಜ್ಜಾರು ಬೀಡಿ ಸೇದತಾರೇನು?" ಎಂದು ಕೇಳಿದಳು.

ನೀಲಗಂಗವ್ವನಿಗೆ ಸಿಟ್ಟು ಬಂತು. "ಮುರದದ್ದು ಸೊಂಟ, ನೀ ಬೀಡಿ ಕೇಳ್ತಿ. ಹೊಗಿ ಎದಿಗೆ ಹೋಗತೈತಿ, ಸೊಂಟಕ್ಕ ಹ್ಯಾಂಗ ಹೋಗತೈತವ್ವ?"

"ರಕ್ತ ಎಲ್ಲೆಲ್ಲಿ ಹೋಗತೈತಿ, ಅದರ ವಿಷಾನೂ ಅಲ್ಲೆಲ್ಲಾ ಹೋಗತೈತಿ ಅಮ್ಮಾ. ವಯಸ್ಸಾದ್ಮ್ಯಾಲೆ ಎಲುಬು ಹೆಂಗೂ ತೆಳ್ಳಗ ಆಗತೈತಿ. ಬೀಡಿ ಅದನ್ನ ಇನ್ನೂ ಸವಸತೈತಿ. ಮ್ಯಾಲೆ ಮರವು ಇದ್ದವರಿಗೆ ಕಾಲ ಕೆಳಗ ಏನೈತಿ ಅನ್ನೂದರ ಖಬರ ಇರೂದಿಲ್ಲ, ಬೀಳೂದು ಜಾಸ್ತಿ. ಮೂರೂ ಕೂಡಿದ್ರ ಒಂದು ಮೆಟ್ಟಿಲು ಸಾಕು. ದಿನಕ್ಕ ಎಷ್ಟು ಸೇದತಾರ?"

"ಒಂದ," ಎಂದಳು ನೀಲಗಂಗವ್ವ ಗತ್ತಿನಿಂದ. "ನಾನ ಕೊಡತೇನಿ."

ಹಿಂದೆ ನಿಂತಿದ್ದ ಮಗ ಕೆಮ್ಮಿದ. "ಅವ್ವಾ, ಅಂಗಡಿಗೆ ಹೋಗುವಾಗ ನಾನೂ ಒಂದು ಕೊಡತೇನಿ. ಒಂದ."

ಸೊಸೆ ಸೆರಗಿನ ತುದಿ ತಿರುವಿದಳು. "ರೊಟ್ಟಿ ಬಡಿಯುವಾಗ ಸುಮ್ಮನ ಕುಂದರಲಿ ಅಂತ ನಾನೂ ಒಂದು..."

ನೋಡಲು ಬಂದ ಕ್ಷೌರಿಕ ಒಂದು ಎಂದ. ಗುಡಿಯ ಪೂಜಾರಿ ಒಂದು ಎಂದ. ನಮ್ಮ ಮಠದ ಅಡುಗೆಯವನೂ ಒಂದು... ಅಯ್ಯೋ, ಊರಿನ ಹೆಸರು ಹೊರಬೀಳುತ್ತಿತ್ತು! ಒಬ್ಬನೂ ಎರಡು ಕೊಟ್ಟಿರಲಿಲ್ಲ, ನೋಡಿ. ಎಲ್ಲರೂ ಒಂದೇ, ಎಲ್ಲರೂ ಪಾಪ ಎಂದೇ ಕೊಟ್ಟದ್ದು. ನೀಲಗಂಗವ್ವ ಬೆರಳು ಮಡಚುತ್ತ ಹೋದಳು, ಎರಡೂ ಕೈಯ ಬೆರಳು ಮುಗಿದವು. ಆಗ ಆಕೆ ಯಾರನ್ನೂ ಬೈಯಲಿಲ್ಲ. ಮೊದಲನೆಯ ಬೆರಳು ತನ್ನದೇ ಎಂದು ಆಕೆಗೆ ಗೊತ್ತಿತ್ತು.

ಆಪರೇಷನ್ ಆಯಿತು, ಸಾಹುಕಾರ ಮನೆಗೆ ಬಂದ. ಆದರೆ ಮರೆವಿನವರ ಎಲುಬು ಮುರಿದರೆ ಏನಾಗುತ್ತದೆ ಗೊತ್ತೇ? ನಮ್ಮ ನಿಮ್ಮ ಎಲುಬು ಮುರಿದರೆ ಒಂದು ದಿನ ಅತ್ತು ಸುಮ್ಮನಾಗುತ್ತೇವೆ. ಸಾಹುಕಾರ ಮರುದಿನ ಗುಡಿಯ ಗಂಟೆ ಕೇಳಿದ ಕೂಡಲೇ ಹೊದಿಕೆ ಸರಿಸಿದ. "ಬಸವಣ್ಣನ ಕಡೆ ಹೋಗಿ ಬರತೇನಿ."

"ಏಳಬ್ಯಾಡ್ರಿ, ಕಾಲು ಮುರದೈತಿ," ಎಂದಳು ನೀಲಗಂಗವ್ವ.

"ನನ್ನ ಕಾಲು? ಯಾವಾಗ?" ಎಂದು ಕೇಳಿ, ಕಾಲು ನೋಡಿಕೊಂಡು, ಮಗುವಿನ ಹಾಗೆ ಅತ್ತ. ಅದರ ಮರುದಿನ ಮತ್ತೆ ಗಂಟೆ, ಮತ್ತೆ ಹೊದಿಕೆ, ಮತ್ತೆ "ಯಾವಾಗ?" ಎಲುಬು ಮುರಿದದ್ದು ಒಂದೇ ಸಲ. ಆ ಸುದ್ದಿಯನ್ನು ಅವನು ದಿನಾ ಬೆಳಿಗ್ಗೆ ಹೊಸದಾಗಿ ಕೇಳಿದ, ಆಕೆ ದಿನಾ ಹೊಸದಾಗಿ ಹೇಳಿದಳು. ಹನ್ನೊಂದನೆಯ ದಿನ ಆಕೆ ಮಠಕ್ಕೆ ಬಂದು ನನ್ನ ಮುಂದೆ ಕೂತು, "ಇನ್ನ ನನ್ನ ಕಡಿಂದ ಹೇಳಾಕ ಆಗೂದಿಲ್ರಿ ಅಜ್ಜಾರ," ಎಂದು ಅತ್ತಳು. ಇಷ್ಟು ವರ್ಷ ಪ್ರವಚನ ಹೇಳಿದ ನಾನು ಆಕೆಗೆ ಒಂದು ತಂಬಿಗೆ ನೀರು ಕೊಟ್ಟೆ, ಅಷ್ಟೇ.

ದಾರಿ ಕೊನೆಗೆ ಆಕೆಗೇ ಸಿಕ್ಕಿತು. ಸಾಸಿವೆ ಡಬ್ಬಿ ಒಲೆಗೆ ಹೋಯಿತು. ಸಾಸಿವೆ ಸಮೇತ ಹೋಯಿತು, ಅಷ್ಟು ಸಿಟ್ಟು! ಈಗಲಾದರೂ ಬೀಡಿ ಬಿಟ್ಟರೆ ಎಲುಬು ಕೂಡಲು ಒಳ್ಳೆಯದು ಎಂದು ಡಾಕ್ಟರು ಹೇಳಿದ್ದಳು. ನಡೆಸಲು ಡಾಕ್ಟರು ಹೂಂ ಎಂದ ದಿನದಿಂದ, ಗುಡಿಯ ಗಂಟೆ ಕೇಳಿ ಅವನು ಹೊದಿಕೆ ಸರಿಸಿದಾಗಲೂ, ಬೀಡಿ ಕೇಳಿದಾಗಲೂ, ನೀಲಗಂಗವ್ವ ಕಾಲಿನ ಸುದ್ದಿ ಎತ್ತದೆ ಕೈ ಕೊಡುತ್ತಾಳೆ. "ಬರ್ರಿ, ಮೊದಲ ಬಾಗಲತನಕ ಹೋಗಿ ಬರೂಣು." ವಾಕರ್ ಹಿಡಿದು, ಹೆಂಡತಿಯ ಭುಜ ಹಿಡಿದು, ಬಾಗಿಲು ಮುಟ್ಟುವಷ್ಟರಲ್ಲಿ ಅವನು ಬೀಡಿಯನ್ನೇ ಮರೆತಿರುತ್ತಾನೆ. ಇಷ್ಟು ಸುಲಭದ ಉಪಾಯ! ಕಾಲು ಗಟ್ಟಿ ಇದ್ದಾಗ ಅದು ಒಬ್ಬರಿಗೂ ಹೊಳೆಯಲಿಲ್ಲ. ಕೈ ಹಿಡಿದು ನಡೆಸಲು ಹತ್ತು ನಿಮಿಷ ಬೇಕು, ಬೀಡಿ ಕೊಟ್ಟು ಕೂರಿಸಲು ಒಂದು ಗಳಿಗೆ ಸಾಕು. ನಮಗೆ ಆ ಹತ್ತು ನಿಮಿಷ ಇರಲಿಲ್ಲ.

ಈಗ ನಿಮ್ಮ ಕಡೆ ಬರುತ್ತೇನೆ. ನೆಲ ನೋಡಬೇಡಿ, ನನ್ನನ್ನು ನೋಡಿ. ನಿಮ್ಮ ಮನೆಯಲ್ಲಿ ಮರೆವಿನ ಹಿರಿಯರಿದ್ದರೆ ನಾಳೆಯಿಂದ "ಗುರ್ತ ಹತ್ತಿತೇ" ಎಂಬ ಪರೀಕ್ಷೆ ಬಿಡಿ. "ಅಜ್ಜಾ, ನಾನು ಇಂಥವನು" ಎಂದು ನೀವೇ ಹೇಳಿ. ಧೋತರ ಮೇಲಕ್ಕೆ ಕಟ್ಟಿಸಿ, ಮೆಟ್ಟಿಲ ಹತ್ತಿರ ಜೊತೆಗಿರಿ. ಬೀಡಿ ಕೇಳಿದರೆ ಒಂದು ಸುತ್ತು ನಡೆಸಿ. ಹಿಂದಿನ ಕಂಬಕ್ಕೆ ಒರಗಿರುವ ಗಂಡಸರೇ, ಹೊಗೆಯ ವಾಸನೆ ಇಲ್ಲಿಗೆ ಬರುತ್ತಿದೆ, ನೀವಂತೂ ಇವತ್ತೇ ಬಿಡಿ. ನಿಮ್ಮ ಕಾಲು ಮುರಿದ ಸುದ್ದಿಯನ್ನು ದಿನಾ ಬೆಳಿಗ್ಗೆ ನಿಮಗೆ ಹೇಳಬೇಕಾದವಳು ಇಲ್ಲೇ ಹೆಂಗಸರ ಸಾಲಿನಲ್ಲಿ ಕೂತಿದ್ದಾಳೆ. ಒಮ್ಮೆ ತಿರುಗಿ ಆಕೆಯ ಮುಖ ನೋಡಿ.

ಪ್ರಸಾದಕ್ಕೆ ಏಳಿ. ಹೊರಗೆ ಬಾಗಿಲ ಪಕ್ಕ ಗಾಲಿಕುರ್ಚಿಯಲ್ಲಿ ಒಬ್ಬ ಹಿರಿಯರು ಕೂತಿದ್ದಾರೆ, ಜೊತೆಗೆ ಒಬ್ಬ ತಾಯಿ ಇದ್ದಾರೆ. ಅವರ ಹೆಸರು ನಾನು ಹೇಳುವುದಿಲ್ಲ. ಹೋಗುವಾಗ ಮಾತನಾಡಿಸಿ, ನಿಮ್ಮ ಹೆಸರು ನೀವೇ ಹೇಳಿ. ಅವರು ಕೈ ಚಾಚುತ್ತಾರೆ, ನೀವೂ ಕೈ ಕೊಡಿ. ಕೈಯಲ್ಲಿ ಏನೂ ಇರಬಾರದು.