ತೂಕದ ದಿನದ ಎರವಲು ಮಗು

ಅಧ್ಯಕ್ಷತೆ ವಹಿಸಿರುವ ದೊಡ್ಡ ಡಾಕ್ಟರಮ್ಮನವರೇ, ವೇದಿಕೆಯ ಮೇಲಿನ ಗಣ್ಯರೇ, ಗಣ್ಯರಿಗೆಲ್ಲ ಕುರ್ಚಿ ಹಾಕಿ ತಾವು ಮಾತ್ರ ಬಾಗಿಲ ಬಳಿ ನಿಂತೇ ಇರುವ ನರ್ಸಮ್ಮನವರೇ, ಇವತ್ತಿನ ಸನ್ಮಾನಕ್ಕೆ ಕಾರಣಳಾದ ನಮ್ಮ ಪಕ್ಕದ ಮನೆಯ ಗುಂಡನ ತಾಯಿಯೇ, ತಾಯಂದಿರ ಕೂಟದ ಎಲ್ಲ ತಾಯಂದಿರೇ, ಅವರ ಮಡಿಲಲ್ಲಿ ಕುಳಿತು ನನಗಿಂತ ಮೊದಲೇ ಭಾಷಣ ಶುರುಮಾಡಿರುವ ಪುಟಾಣಿಗಳೇ, ಮತ್ತು ಸಭಿಕರೇ,

ನನಗೆ ಎರಡು ಮಾತು ಆಡಲು ಹೇಳಿದ್ದಾರೆ. ಎರಡು ಮಾತು ಎಂದು ಮೈಕಿನ ಮುಂದೆ ಬಂದವರು ಎರಡಕ್ಕೇ ನಿಲ್ಲಿಸಿದ್ದನ್ನು ನೀವು ಯಾರಾದರೂ ನೋಡಿದ್ದೀರಾ? ನಾನಂತೂ ನೋಡಿಲ್ಲ. ಆದ್ದರಿಂದ ಗಣ್ಯರು ದಯವಿಟ್ಟು ಗಡಿಯಾರ ನೋಡಬಾರದು.

ನನ್ನನ್ನು ಇಲ್ಲಿ ಎಲ್ಲರೂ ತಕ್ಕಡಿ ತಾತ ಎನ್ನುತ್ತಾರೆ. ಗಿರಣಿಯ ಅಂಗಳದಲ್ಲಿ ಮೂಟೆ ತೂಗುವುದೇ ನನ್ನ ಜೀವಮಾನದ ಉದ್ಯೋಗವಾಗಿತ್ತು. ತೂಗುವವನಿಗೆ ಒಂದು ಕೆಟ್ಟ ಚಾಳಿ ಅಂಟಿಕೊಳ್ಳುತ್ತದೆ. ಏನು ಕಂಡರೂ ಇದೆಷ್ಟಿರಬಹುದು ಎಂಬ ಕುತೂಹಲ. ಬಾಗಿಲು ಕಂಡರೂ, ಕುಂಬಳಕಾಯಿ ಕಂಡರೂ, ಎದುರಿಗೆ ನಡೆದು ಬರುವ ಮನುಷ್ಯನನ್ನು ಕಂಡರೂ ಅದೇ. ನನ್ನ ಮದುವೆಯ ದಿನವೂ ಅದೇ ಯೋಚನೆ ಬಂದಿತ್ತು, ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತಿರುವ ನನ್ನ ಮನೆಯವಳು ಇನ್ನೂ ನನ್ನನ್ನು ಕ್ಷಮಿಸಿಲ್ಲ.

ಇವತ್ತು ನಾನು ಹೇಳಬೇಕಾದದ್ದು ನಮ್ಮ ಕೂಟದ ಪದ್ಧತಿಯ ಬಗ್ಗೆ. ಹೊರಗಿನಿಂದ ಬಂದವರು ತೂಕದ ದಿನ ನಮ್ಮ ಕೋಣೆಗೆ ಬಂದರೆ ಗಾಬರಿಯಾಗುತ್ತಾರೆ. ಇಲ್ಲಿ ಯಾವ ತಾಯಿಯೂ ತನ್ನ ಮಗುವನ್ನು ತಾನು ಎತ್ತಿಕೊಂಡು ಬರುವುದಿಲ್ಲ. ಇವಳ ಮಗು ಅವಳ ಸೊಂಟದಲ್ಲಿ, ಅವಳ ಮಗು ಇನ್ಯಾರದೋ ತೋಳಿನಲ್ಲಿ. ಇದ್ಯಾಕೆ ಹೀಗೆ? ಯಾವ ಪುಸ್ತಕ ಓದಿ ಕಲಿತಿರಿ? ಯಾವ ತರಬೇತಿಯಲ್ಲಿ ಹೇಳಿಕೊಟ್ಟರು? ಹೀಗೆಲ್ಲ ಕೇಳುತ್ತಾರೆ. ಯಾವ ತರಬೇತಿಯಲ್ಲೂ ಅಲ್ಲ ಸ್ವಾಮಿ. ಇದು ಶುದ್ಧ ಮೋಸದಿಂದ ಹುಟ್ಟಿದ ಪದ್ಧತಿ. ಆ ಮೋಸದ ಕಥೆಯನ್ನೇ ನಿಮಗೆ ಹೇಳುತ್ತೇನೆ.

ನನ್ನ ಮೊಮ್ಮಗಳು ಹುಟ್ಟಿದ ಕಾಲ. ಸೊಸೆ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಗುಂಡನ ತಾಯಿಯೂ ಅಲ್ಲೇ. ಮಗ ಲಾರಿಯ ಹಿಂದೆ ಊರೂರು ಸುತ್ತುತ್ತಿದ್ದ. ಮನೆಯಲ್ಲಿ ಮಗುವಿನೊಂದಿಗೆ ನಾವಿಬ್ಬರು ಮುದುಕರು. ಮಗು ಹುಟ್ಟಿದಾಗ ಚೆನ್ನಾಗಿತ್ತು. ಮೇಲಿನ ಆಹಾರ ಶುರುವಾದ ಮೇಲೆ ಯಾಕೋ ಸೊರಗಿತು. ಅಳುವುದೂ ಕಡಿಮೆಯಾಯಿತು. ನನ್ನ ಮನೆಯವಳು, ಆಹಾ ಎಷ್ಟು ಸಾಧು ಮಗು, ಎನ್ನುತ್ತಿದ್ದಳು. ನಾನು ಎತ್ತಿಕೊಂಡಾಗಲೆಲ್ಲ ನನ್ನ ತೋಳು ಬೇರೆಯೇ ಮಾತು ಹೇಳುತ್ತಿತ್ತು, ಆದರೆ ತೋಳಿನ ಮಾತನ್ನು ಬಾಯಿಗೆ ತರುವ ಧೈರ್ಯ ನನಗಿರಲಿಲ್ಲ.

ಆಗೆಲ್ಲ ನರ್ಸಮ್ಮ ತಿಂಗಳಿಗೊಮ್ಮೆ ಬಂದು, ಈ ಸಭಾಂಗಣದ ಹಿಂದಿರುವ ಚಿಕ್ಕ ಕೋಣೆಯಲ್ಲಿ ಮಕ್ಕಳನ್ನು ತೂಗುತ್ತಿದ್ದರು. ತೊಲೆಗೆ ಕೊಕ್ಕೆ, ಕೊಕ್ಕೆಗೆ ಮುಳ್ಳಿನ ತಕ್ಕಡಿ, ತಕ್ಕಡಿಗೆ ಬಟ್ಟೆಯ ಜೋಲಿ. ತೂಕ ಸರಿಯಿದ್ದವರು ಮನೆಗೆ ಹೋಗಬಹುದು. ಕಡಿಮೆ ಬಂದವರು ಕಿಟಕಿ ಪಕ್ಕದ ಬೆಂಚಿನ ಮೇಲೆ ಕೂತು ಕಾಯಬೇಕು. ನರ್ಸಮ್ಮ ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದ್ದರು, ಕೊನೆಗೆ ನಿಧಾನವಾಗಿ ಕೂತು ಬುದ್ಧಿ ಹೇಳೋಣ ಎಂದು. ಆದರೆ ಕಿಟಕಿಯ ಆಚೆಗೆ ಬೀದಿ, ಬೀದಿಯಲ್ಲಿ ನಲ್ಲಿ, ನಲ್ಲಿಯ ಹತ್ತಿರ ಇಡೀ ಊರು. ಆ ಬೆಂಚಿನ ಮೇಲೆ ಯಾರು ಕೂತರು ಎಂಬುದು ಕೊಡ ತುಂಬುವಷ್ಟರಲ್ಲಿ ಎಲ್ಲರಿಗೂ ಗೊತ್ತಾಗುತ್ತಿತ್ತು. ಇವಳಿಗೆ ಮಗು ಸಾಕಲು ಬರುವುದಿಲ್ಲ ಎಂದು ತೀರ್ಪೂ ಆಗಿಬಿಡುತ್ತಿತ್ತು. ಜನರ ಬಾಯಿಗೆ ಬೀಗ ಹಾಕಲು ಯಾರಿಂದಾಗುತ್ತದೆ?

ಒಂದು ತೂಕದ ದಿನ ಸೊಸೆ ಬೆಳಗ್ಗೆಯೇ ಎದ್ದು, ತಲೆ ಬಾಚಿ, ಮಗುವನ್ನು ತೂಗಿಸಿಕೊಂಡು ಬರುತ್ತೇನೆ ಎಂದು ಹೇಳಿ ಹೊರಟಳು. ನಾನು ಹೂಂ ಎಂದೆ. ಆಮೇಲೆ ಒಳಗೆ ಹೋಗಿ ನೋಡುತ್ತೇನೆ, ಮಗು ತೊಟ್ಟಿಲಲ್ಲೇ ಇದೆ! ಸಭಿಕರೇ, ನೀವೇ ಹೇಳಿ. ಮಗು ಇಲ್ಲಿದೆ, ಮಗುವನ್ನು ತೂಗಿಸಲು ತಾಯಿ ಅಲ್ಲಿಗೆ ಹೋಗಿದ್ದಾಳೆ. ಮರೆತಳೇ? ಮಗುವನ್ನು ಮರೆತು ಹೋಗಲು ಅದೇನು ಕೊಡೆಯೇ? ಬೇರೆ ಯಾರಾದರೂ ಆಗಿದ್ದರೆ ಬರಲಿ ಕೇಳೋಣ ಎಂದು ಸುಮ್ಮನಿರುತ್ತಿದ್ದರು. ನನಗೆ ತಡೆಯಲಾಗಲಿಲ್ಲ. ಮಗುವನ್ನು ಟವಲಿನಲ್ಲಿ ಸುತ್ತಿಕೊಂಡು ನಾನೇ ಹೊರಟೆ.

ಕೋಣೆಯ ಬಾಗಿಲಲ್ಲಿ ನಿಂತು ನೋಡಿದರೆ, ಸೊಸೆ ತಕ್ಕಡಿಯ ಮುಂದೆ ನಿಂತಿದ್ದಾಳೆ. ಜೋಲಿಯಲ್ಲಿ ಒಂದು ಮಗು ಕೈಕಾಲು ಬಡಿಯುತ್ತಿದೆ. ಹುಬ್ಬಿನವರೆಗೂ ಕುಲಾವಿ ಎಳೆದಿದ್ದಾರೆ. ಆದರೆ ಆ ತೊಡೆಯ ಮಡಿಕೆಗಳನ್ನು ಕುಲಾವಿಯಿಂದ ಮುಚ್ಚಲಾಗುತ್ತದೆಯೇ? ಅದು ಪಕ್ಕದ ಮನೆಯ ಗುಂಡ! ನರ್ಸಮ್ಮ ಮುಳ್ಳು ನೋಡಿ, ಪರವಾಗಿಲ್ಲ, ನಿಮ್ಮ ಮಗು ಬಹಳ ಚೆನ್ನಾಗಿದೆ ಎನ್ನುತ್ತಿದ್ದಾರೆ. ಸೊಸೆ ತಲೆ ತಗ್ಗಿಸಿ ನಗುತ್ತಿದ್ದಾಳೆ. ಗುಂಡನ ತಾಯಿ ಗೋಡೆಗೆ ಒರಗಿ, ತನಗೂ ಇದಕ್ಕೂ ಸಂಬಂಧವೇ ಇಲ್ಲ ಎಂಬಂತೆ ಚಾವಣಿ ನೋಡುತ್ತಿದ್ದಾಳೆ.

ಅಷ್ಟರಲ್ಲಿ ಸೊಸೆ ನನ್ನನ್ನು ನೋಡಿದಳು. ನನ್ನ ಕೈಯಲ್ಲಿರುವ ಟವಲನ್ನೂ ನೋಡಿದಳು. ಆ ಮುಖ ನಾನು ಮರೆಯಲಾರೆ. ನರ್ಸಮ್ಮನೂ ತಿರುಗಿ, ಏನು ತಾತ, ಇದು ಯಾರ ಮಗು ಎಂದು ಕೇಳಿದರು.

ನನ್ನ ಬಾಯಿಂದ ಹೊರಟ ಮಾತು ಇದು: "ಪಕ್ಕದ ಮನೇದು ಕಣಮ್ಮ. ಇದನ್ನೂ ಒಂದ್ಸಲ ತೂಗ್ಬಿಡಿ."

ಯಾಕೆ ಹಾಗೆ ಹೇಳಿದೆ? ಇವತ್ತಿಗೂ ನನಗೆ ಗೊತ್ತಿಲ್ಲ. ಮೊಮ್ಮಗಳನ್ನು ಜೋಲಿಯಲ್ಲಿ ಇಳಿಸಿದೆ. ಮುಳ್ಳು ಸ್ವಲ್ಪ ಅಲುಗಾಡಿ ನಿಂತುಬಿಟ್ಟಿತು. ನರ್ಸಮ್ಮನ ಮುಖ ಇಳಿಯಿತು. ಇದರ ತಾಯಿ ಯಾರು, ಎಲ್ಲಿದ್ದಾರೆ, ಈಗಲೇ ಮಾತಾಡಬೇಕು, ಇದು ಹೀಗೇ ಇದ್ದರೆ ಉಳಿಯುವುದು ಕಷ್ಟ ಎಂದರು. ಸೊಸೆ ಗುಂಡನನ್ನು ಅವುಚಿಕೊಂಡು ಗೋಡೆಯ ಹಾಗೆ ನಿಂತಿದ್ದಳು.

ಆಗ ಮುಂದೆ ಬಂದವಳು ಈಕೆ, ಇಲ್ಲಿ ಕುಳಿತಿರುವ ಗುಂಡನ ತಾಯಿ. "ನಂದೇ ನರ್ಸಮ್ಮ" ಎಂದಳು. ಮಗುವನ್ನು ಜೋಲಿಯಿಂದ ಎತ್ತಿಕೊಂಡಳು. ನೆಟ್ಟಗೆ ಹೋಗಿ ಆ ಬೆಂಚಿನ ಮೇಲೆ, ಕಿಟಕಿಗೆ ಮುಖ ಮಾಡಿ ಕೂತಳು. ಊರಿಗೆಲ್ಲ ಎರವಲು ಕೊಡುವಷ್ಟು ದಷ್ಟಪುಷ್ಟ ಮಗನ ತಾಯಿ, ನನ್ನ ಮೊಮ್ಮಗಳಿಗಾಗಿ ಆ ಬೆಂಚಿನ ಮೇಲೆ ಕೂತಳು. ಈ ಸನ್ಮಾನ ಯಾತಕ್ಕೆ ಎಂದು ಯಾರಾದರೂ ಕೇಳಿದರೆ, ನಾನಾದರೆ ಇಷ್ಟನ್ನೇ ಹೇಳುತ್ತೇನೆ.

ನರ್ಸಮ್ಮ ಹೇಳಿದ್ದನ್ನೆಲ್ಲ ಆಕೆ ಕೇಳಿಸಿಕೊಂಡಳು. ಹಿಟ್ಟನ್ನು ನೀರಾಗಿ ಕದಡಿ ಕುಡಿಸಬೇಡಿ, ಗಟ್ಟಿಯಾಗಿ ಬೇಯಿಸಿ. ಚಮಚ ಓರೆ ಮಾಡಿದರೆ ಜಾರಿ ಬೀಳಬಾರದು. ಮೇಲೆ ಸ್ವಲ್ಪ ಎಣ್ಣೆ ಹಾಕಿ. ತಿನ್ನಿಸುವ ಮೊದಲು ಸೋಪು ಹಾಕಿ ಕೈ ತೊಳೆಯಿರಿ. ಚಿಕ್ಕ ಹೊಟ್ಟೆ, ಒಂದೇ ಸಲ ಹಿಡಿಯುವುದಿಲ್ಲ, ದಿನಕ್ಕೆ ಹಲವು ಸಲ ಕೊಡಿ. ಎದೆಹಾಲನ್ನೂ ನಿಲ್ಲಿಸಬೇಡಿ. ಭೇದಿಯಾದರೆ ಊಟ ನಿಲ್ಲಿಸದೆ ನನಗೆ ತಕ್ಷಣ ಹೇಳಿಕಳಿಸಿ. ಸೊಸೆ ಹಿಂದೆ ನಿಂತು ಒಂದೊಂದನ್ನೂ ಕೇಳುತ್ತಿದ್ದಳು. ಹೆತ್ತವಳಿಗೆ ಅದು ಕದ್ದು ಕೇಳುವ ಪಾಠವಾಯಿತು.

ಮಾರನೆಯ ದಿನದಿಂದ ನಮ್ಮ ಮನೆಯಲ್ಲಿ ರಾಮಾಯಣ. ಗುಂಡನ ತಾಯಿ ಗೂಡಿಗೆ ಹೋಗುವ ಮುಂಚೆ, ಬಂದ ಮೇಲೆ, ನಮ್ಮ ಹೊಸ್ತಿಲಲ್ಲಿ ಹಾಜರು. "ನನ್ ಮಗೀಗೆ ಊಟ ಆಯ್ತಾ?" ಎಂದು ಕೇಳುವಳು. ನನ್ನ ಮನೆಯವಳಿಗೆ ಮೈಯೆಲ್ಲ ಉರಿ. ನಮ್ಮ ಮನೆಯ ಮಗುವಿನ ಮೇಲೆ ಇವಳದೇನು ಯಜಮಾನಿಕೆ ಎಂದು ನನ್ನ ಮೇಲೆ ರೇಗುವಳು. ನಾನು ಅತ್ತ ದರಿ ಇತ್ತ ಪುಲಿ ಎಂದು ನಡುಮನೆಯಲ್ಲಿ ಕೂತಿರುವೆ.

ಹಗಲೆಲ್ಲ ಮಗುವಿಗೆ ಉಣ್ಣಿಸುತ್ತಿದ್ದ ನನ್ನ ಮನೆಯವಳು ಯಾಕೆ ಹಿಟ್ಟನ್ನು ನೀರಾಗಿಯೇ ತಿನ್ನಿಸುತ್ತಿದ್ದಳು ಎಂಬ ಪ್ರಶ್ನೆ ನಿಮಗೆ ಬರಬಹುದು. ತಿಳಿಯದೆ ಅಲ್ಲ. ಹೆದರಿ. ನಮಗೆ ಮಗನಿಗಿಂತ ಮುಂಚೆ ಒಬ್ಬಳು ಮಗಳಿದ್ದಳು. ಮೊದಲ ಸಲ ಗಟ್ಟಿ ತುತ್ತು ತಿಂದ ವಾರವೇ ಹೊಟ್ಟೆ ಕೆಟ್ಟಿತು. ಆಗ ಎಲ್ಲರೂ, ನೀರು ಕೊಡಬೇಡ, ಏನೂ ಕೊಡಬೇಡ ಎಂದರು. ನಾವು ಕೊಡಲಿಲ್ಲ. ಮಗು ಉಳಿಯಲಿಲ್ಲ. ಲೋಕದ ಮೂಟೆಯನ್ನೆಲ್ಲ ತೂಗಿದೆ, ಆ ಮಗು ಎಷ್ಟಿತ್ತು ಎಂದು ನನಗೆ ಗೊತ್ತಿಲ್ಲ. ಮಗುವನ್ನೂ ತೂಗಬಹುದು ಎಂದು ಆಗ ಯಾರಿಗೂ ಹೊಳೆದಿರಲಿಲ್ಲ... ಇರಲಿ. ಇದನ್ನು ಹೇಳಬೇಕೆಂದು ಬಂದಿರಲಿಲ್ಲ. ಮನೆಯವಳು ತಲೆ ತಗ್ಗಿಸಿದ್ದಾಳೆ, ಮುಂದಕ್ಕೆ ಹೋಗೋಣ.

ಗುಂಡನ ತಾಯಿಗೆ ಈ ವಿಷಯ ಹೇಗೆ ತಿಳಿಯಿತೋ ಕಾಣೆ. ಒಂದು ದಿನ ಬಂದವಳು ವಾದ ಮಾಡಲಿಲ್ಲ. ಬಟ್ಟಲನ್ನು ನನ್ನ ಮನೆಯವಳ ಕೈಯಲ್ಲೇ ಇಟ್ಟು, ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತಳು. "ನೀವೇ ತಿನ್ನಿಸಿ ದೊಡ್ಡಮ್ಮ. ಏನಾದ್ರೂ ಆದ್ರೆ ನಾನಿದೀನಿ. ಮಗು ನಂದು ಅಂತ ಬರೆಸಿದೀನಲ್ಲ, ಬೈಗುಳ ನನಗೇ ಬರತ್ತೆ" ಎಂದಳು. ಚಮಚ ಮಗುವಿನ ಬಾಯಿಗೆ ಹೋಯಿತು. ಮಗು ಚಪ್ಪರಿಸಿತು. ಇನ್ನೊಂದು ಚಮಚಕ್ಕೆ ತಾನೇ ಬಾಯಿ ತೆರೆಯಿತು. ನನ್ನ ಮನೆಯವಳು ಸೆರಗಿನಿಂದ ಮಗುವಿನ ಬಾಯಿ ಒರೆಸುತ್ತೇನೆಂದು ತನ್ನ ಕಣ್ಣು ಒರೆಸಿಕೊಂಡಳು.

ಮುಂದಿನ ತಿಂಗಳ ತೂಕದ ದಿನ ನಾನೂ ಹೋದೆ, ಹೋಗದೆ ಇರುತ್ತೇನೆಯೇ? ಸುಳ್ಳು ಒಮ್ಮೆ ಹೇಳಿದ ಮೇಲೆ ಸಾಕಬೇಕಲ್ಲ, ಗುಂಡ ಸೊಸೆಯ ಕೈಯಲ್ಲಿ, ಮೊಮ್ಮಗಳು ಗುಂಡನ ತಾಯಿಯ ಕೈಯಲ್ಲಿ. ಮಗುವನ್ನು ಜೋಲಿಗೆ ಇಳಿಸಿದರು. ಮುಳ್ಳು ಹೋದ ಸಲ ನಿಂತಲ್ಲಿ ನಿಲ್ಲಲಿಲ್ಲ. ಸ್ವಲ್ಪವೇ ಸ್ವಲ್ಪ, ಆದರೆ ಮೇಲಕ್ಕೆ ಹೋಯಿತು. ನರ್ಸಮ್ಮ ಗುಂಡನ ತಾಯಿಯ ಬೆನ್ನು ತಟ್ಟಿದರು. ನೋಡಿ, ತಾಯಿ ಅಂದರೆ ಹೀಗಿರಬೇಕು, ಎಷ್ಟು ಚೆನ್ನಾಗಿ ನೋಡಿಕೊಂಡಿದ್ದಾಳೆ ಎಂದು ಎಲ್ಲರಿಗೂ ಕೇಳುವಂತೆ ಹೊಗಳಿದರು.

ನನ್ನ ಸೊಸೆ ಅವಮಾನವನ್ನು ನುಂಗಿದ್ದಳು, ಈ ಹೊಗಳಿಕೆಯನ್ನು ನುಂಗಲಾಗಲಿಲ್ಲ. ಗುಂಡನನ್ನು ನನ್ನ ಕೈಗೆ ದಬಕ್ಕನೆ ಕೊಟ್ಟಳು. ಜೋಲಿಯ ಹತ್ತಿರ ಹೋಗಿ ನಿಂತು, "ಅದು ನನ್ ಮಗು" ಎಂದಳು. ಇನ್ನೂ ಸೊರಗಿದ್ದ ಮಗು ಅದು. ಎಲ್ಲರೂ ನೋಡುತ್ತಿದ್ದರು. ಅವಳು ತಲೆ ತಗ್ಗಿಸಲಿಲ್ಲ. ಇನ್ನೊಂದು ಸಲ, ಕಿಟಕಿಯ ಆಚೆಗೂ ಕೇಳುವ ಹಾಗೆ, "ನಾನು ಹೆತ್ತಿದ್ದು, ನನ್ನದು" ಎಂದಳು.

ಆಮೇಲೆ ಹಿಂದಿನಿಂದ ಒಬ್ಬಳು, ಇದೂ ನನ್ನದಲ್ಲ ಎಂದಳು. ಮೂಲೆಯಿಂದ ಮತ್ತೊಬ್ಬಳು, ಎರಡು ತಿಂಗಳ ಹಿಂದೆ ನಾನೂ ಗುಂಡನನ್ನೇ ತಂದಿದ್ದೆ ಎಂದಳು. ಅದರ ಹಿಂದಿನ ತಿಂಗಳು ತಂದವಳೂ ಅಲ್ಲೇ ಇದ್ದಳು. ನರ್ಸಮ್ಮ ಹೋಗಿ ಆ ಬೆಂಚಿನ ಮೇಲೆ ತಾವೇ ಕೂತುಬಿಟ್ಟರು. "ಹಾಗಾದ್ರೆ ಇಷ್ಟು ದಿನ ನಾನು ಗುಂಡನೊಬ್ಬನ್ನೇ ತೂಗಿದ್ದಾ?" ಎಂದು ಕೇಳಿದರು. ಮೊದಲು ಯಾರು ನಕ್ಕರೋ ಗೊತ್ತಿಲ್ಲ. ನಕ್ಕು ನಕ್ಕು ಅತ್ತವರೂ ಇದ್ದರು.

ನಗು ನಿಂತ ಮೇಲೆ ಗುಂಡನ ತಾಯಿಯೇ ಹೇಳಿದಳು. ಹೇಗೂ ಬೇರೆಯವರ ಮಗುವನ್ನು ಕದ್ದು ತರುತ್ತಿದ್ದೇವೆ, ಇನ್ನು ಮೇಲೆ ಹೇಳಿಕೊಂಡೇ ತರೋಣ. ಎತ್ತಿಕೊಂಡು ಬಂದವಳೇ ನರ್ಸಮ್ಮನ ಮಾತು ಕೇಳಲಿ, ಆ ಮನೆಗೆ ಹೋಗಿ ಮಗು ಉಣ್ಣುವುದನ್ನು ಕೂತು ನೋಡಲಿ. ಅಂದಿನಿಂದ ನಮ್ಮ ಕೂಟ ನಡೆಯುವುದೇ ಹೀಗೆ. ನರ್ಸಮ್ಮ ಆ ದಿನವೇ ಬೆಂಚನ್ನು ಹೊರಗೆ ಹಾಕಿಸಿದರು, ಈಗ ಅದರ ಮೇಲೆ ನಲ್ಲಿಯ ಕೊಡಗಳು ಕೂರುತ್ತವೆ.

ಇದು ಯಾಕೆ ಕೆಲಸ ಮಾಡುತ್ತದೆ ಎಂದು ನಾನು ಬಹಳ ಯೋಚಿಸಿದ್ದೇನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಅದಕ್ಕೇ ನಮ್ಮ ಮಗುವಿನ ಬಗ್ಗೆ ಯಾರಾದರೂ ಹೇಳಿದರೆ ಬೈದ ಹಾಗೆ ಕೇಳಿಸುತ್ತದೆ. ಬೇರೆಯವರ ಮಗುವಿನ ಬಗ್ಗೆ ಹೇಳಿದರೆ ಸುದ್ದಿಯ ಹಾಗೆ ಕೇಳಿಸುತ್ತದೆ. ಸುದ್ದಿ ಎಂದರೆ ಯಾರು ಬಿಡುತ್ತಾರೆ? ಒಂದಕ್ಷರ ಬಿಡದೆ ಕೇಳಿ, ಆ ಮನೆಗೆ ಮುಟ್ಟಿಸಿಬರುತ್ತಾರೆ. ಇಷ್ಟೇ ಇರಬಹುದು, ಇನ್ನೇನೋ ಇರಬಹುದು. ಡಾಕ್ಟರಮ್ಮನವರು ತಮ್ಮ ಭಾಷಣದಲ್ಲಿ ತಿಳಿಸಬೇಕು.

ಮೊಮ್ಮಗಳು ಈಗ ಶಾಲೆಗೆ ಹೋಗುತ್ತಾಳೆ. ದಪ್ಪವೇನೂ ಆಗಲಿಲ್ಲ, ಆದರೆ ಗುಂಡನನ್ನು ಓಡಿಸಿಕೊಂಡು ಹೋಗಿ ಹೊಡೆಯುತ್ತಾಳೆ.

ಕೊನೆಯದಾಗಿ ಒಂದು ಮಾತು. ನನ್ನ ಚಾಳಿ ನಿಮಗೆ ಗೊತ್ತೇ ಇದೆ. ಇಲ್ಲಿ ನಿಂತು ಮಾತಾಡುತ್ತಲೇ ಸಭೆಯ ತೋಳುಗಳನ್ನೆಲ್ಲ ನೋಡುತ್ತಿದ್ದೆ. ಊರಿಗೆ ಹೊಸದಾಗಿ ಬಂದ ಒಬ್ಬ ತಾಯಿ ಇಲ್ಲಿದ್ದಾಳೆ. ಯಾರೂ ತಿರುಗಿ ನೋಡಬೇಡಿ, ಎಲ್ಲರೂ ನನ್ನನ್ನೇ ನೋಡಿ. ಅವಳ ಮಡಿಲಲ್ಲಿ ಚೆಂದದ ಮಗುವಿದೆ, ಆದರೆ ಅವಳ ತೋಳಿಗೆ ಆ ಭಾರ ಹೊಸದು. ತಾಯಿ, ನಿನ್ನ ಮಗು ಮನೆಯಲ್ಲಿ ಮಲಗಿದೆ ಅಲ್ಲವೇ? ಉತ್ತರ ಹೇಳಬೇಡ. ಸಭೆ ಮುಗಿದ ಮೇಲೆ ನನ್ನ ಸೊಸೆ ನಿನ್ನ ಮನೆಗೆ ಬರುತ್ತಾಳೆ. ಬಾಗಿಲು ತೆರೆದು, ಆ ಮಗುವನ್ನು ಅವಳ ಕೈಗೆ ಕೊಡು. ನಾಳೆ ತೂಕದ ದಿನ, ತಕ್ಕಡಿಯ ಮುಂದೆ ನಿಂತು ಅವಳು, ನನ್ನದು, ಎಂದು ಹೇಳುತ್ತಾಳೆ. ನೀನು ಹೇಳುವ ದಿನ ಬರುವವರೆಗೂ ಹೇಳುತ್ತಾಳೆ.

ಇಷ್ಟು ಹೊತ್ತು ಈ ಮುದುಕನ ಮಾತು ಸಹಿಸಿಕೊಂಡ ನಿಮಗೂ, ಅಳುತ್ತಲೇ ಆಗಾಗ ನನಗೂ ಅವಕಾಶ ಮಾಡಿಕೊಟ್ಟ ಮಕ್ಕಳಿಗೂ ಕೃತಜ್ಞತೆಗಳು. ಎಲ್ಲರಿಗೂ ನಮಸ್ಕಾರ.